ಮಳೆಯ ಎಚ್ಚರಿಕೆ ಬಂದಾಗ ಮನೆಯಲ್ಲೇ ಇರಬಹುದೆ? ಜಪಾನಿನಲ್ಲಿರುವ ಕೊಡಗಿನವರಿಗೆ

ಮಳೆ ಜೋರಾಗಿ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸಿದರೆ ಬಾಗಿಲು ಹಾಕಿಕೊಂಡು ಮನೆಯಲ್ಲಿ ಉಳಿಯುವುದು ಕೊಡಗಿನಲ್ಲಿ ರೂಢಿ. ರೆಡ್ ಅಲರ್ಟ್ ಎಂದರೆ ನಮಗೆ ಅದೇ ಕೊನೆಯ ಎಚ್ಚರಿಕೆ. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆಗಳಿಂದ ಜಪಾನಿಗೆ ಹೋಗಿ ನೆಲೆಸಿದವರು ಈ ಎರಡು ಅಭ್ಯಾಸಗಳನ್ನೂ ತಿದ್ದಿಕೊಳ್ಳಬೇಕು. ಅಲ್ಲಿನ ಐದು ಹಂತಗಳ ಎಚ್ಚರಿಕೆಯಲ್ಲಿ ಕೆಂಪು ಮೂರನೆಯದು. ಅದರ ಮೇಲೆ ನೇರಳೆ, ಕೊನೆಗೆ ಕಪ್ಪು.

ಮೊದಲ ಎರಡು ಹಂತಗಳನ್ನು ಹವಾಮಾನ ಸಂಸ್ಥೆ ಹೊರಡಿಸುತ್ತದೆ. ಉಳಿದ ಮೂರರಲ್ಲಿ ಜನ ಏನು ಮಾಡಬೇಕೆಂದು ತಿಳಿಸುವುದು ನೀವಿರುವ ಊರಿನ ಸ್ಥಳೀಯ ಆಡಳಿತ. ಮೂರನೆಯ ಹಂತದಲ್ಲಿ ವೃದ್ಧರು, ಅಂಗವಿಕಲರು ಮತ್ತು ಅವರಿಗೆ ನೆರವಾಗುವವರು ಅಪಾಯದ ಜಾಗದಿಂದ ಹೊರಡಬೇಕು. ಮಗಳ ಬಾಣಂತನಕ್ಕೆಂದು ಊರಿನಿಂದ ಬಂದಿರುವ ವಯಸ್ಸಾದ ತಂದೆತಾಯಿಯರು ಇದೇ ಗುಂಪಿಗೆ ಸೇರುತ್ತಾರೆಂಬುದನ್ನು ಮರೆಯಬಾರದು. ನಾಲ್ಕನೆಯದು ಅಪಾಯದ ಜಾಗದಲ್ಲಿರುವ ಎಲ್ಲರಿಗೂ ಅನ್ವಯಿಸುತ್ತದೆ. ಮೊದಲು ಈ ಹಂತದಲ್ಲಿ ಸಲಹೆ, ಸೂಚನೆ ಎಂಬ ಎರಡು ಬಗೆಗಳಿದ್ದು, ಸಲಹೆ ಬಂದ ಮೇಲೂ ಸೂಚನೆಗಾಗಿ ಕಾದು ಕುಳಿತವರಿದ್ದುದರಿಂದ 2021ರ ಮೇ ತಿಂಗಳಲ್ಲಿ ಎರಡನ್ನೂ ಒಂದಾಗಿಸಲಾಯಿತು. ಐದನೆಯದಕ್ಕಾಗಿ ಯಾರೂ ಕಾಯಬಾರದು. ಅದು ಬರುವ ಹೊತ್ತಿಗೆ ಅನಾಹುತ ನಡೆದಿರುತ್ತದೆ ಅಥವಾ ಬಾಗಿಲಿಗೆ ಬಂದಿರುತ್ತದೆ. ಆಗ ಮೇಲಿನ ಮಹಡಿಗೆ, ಗುಡ್ಡಕ್ಕೆ ದೂರವಾದ ಕೋಣೆಗೆ ಸರಿಯುವುದಷ್ಟೇ ಉಳಿಯುವ ದಾರಿ.

ಹಾಗೆಂದು ಎಲ್ಲರೂ ಮನೆ ಬಿಡಬೇಕಿಲ್ಲ. ಸುರಕ್ಷಿತ ಜಾಗದಲ್ಲಿರುವವರು ಮನೆಯಲ್ಲೇ ಇರಬಹುದೆಂದು ಸರ್ಕಾರವೇ ಹೇಳುತ್ತದೆ. ಆದರೆ ನಿಮ್ಮ ಮನೆ ಅಂಥ ಜಾಗದಲ್ಲಿದೆಯೇ ಎಂಬುದನ್ನು ಸ್ಥಳೀಯ ಆಡಳಿತ ಕೊಡುವ ಅಪಾಯದ ನಕ್ಷೆಯಲ್ಲಿ, ಮಳೆಗಾಲಕ್ಕೆ ಮುಂಚೆಯೇ ನೋಡಿಕೊಂಡಿರಬೇಕು. ನೆರೆಯ ಮಟ್ಟಿಗೆ ಮೂರು ಪ್ರಶ್ನೆಗಳಿವೆ: ಪ್ರವಾಹಕ್ಕೆ ಮನೆಯೇ ಕುಸಿಯಬಹುದಾದ ವಲಯದಲ್ಲಿದ್ದೀರಾ, ನಿಮ್ಮ ಮಹಡಿ ನೀರಿನ ಅಂದಾಜು ಮಟ್ಟಕ್ಕಿಂತ ಮೇಲಿದೆಯೇ, ನೀರು ಇಳಿಯುವವರೆಗೆ ಸಾಲುವಷ್ಟು ಆಹಾರ ಮತ್ತು ಕುಡಿಯುವ ನೀರು ಇದೆಯೇ. ಭಾರತೀಯರು ಹೆಚ್ಚಾಗಿ ವಾಸಿಸುವ ಟೋಕಿಯೊದ ನಿಶಿ ಕಸಾಯಿ ಇರುವ ಎದೊಗಾವಾ ಆಡಳಿತವು 2019ರಲ್ಲಿ ಹೊರತಂದ ನಕ್ಷೆಯ ಮುಖಪುಟದಲ್ಲೇ ‘ಇಲ್ಲಿ ಇರಬೇಡಿ’ ಎಂದು ಮುದ್ರಿಸಿತ್ತು. ದೊಡ್ಡ ನೆರೆ ಬಂದರೆ ಅಲ್ಲಿ ನೀರು ಒಂದೆರಡು ವಾರ ನಿಲ್ಲಬಹುದು. ಮೂರನೆಯ ಪ್ರಶ್ನೆ ಎಷ್ಟು ದೊಡ್ಡದೆಂಬುದು ಇದರಿಂದಲೇ ತಿಳಿಯುತ್ತದೆ. 2018ರ ಜುಲೈನಲ್ಲಿ ಕುರಾಶಿಕಿ ನಗರದ ಮಾಬಿಯಲ್ಲಿ 50ಕ್ಕೂ ಹೆಚ್ಚು ಜನ ತೀರಿಕೊಂಡಾಗ, ಮುಳುಗಿದ ಪ್ರದೇಶ ಮೊದಲೇ ಹಂಚಿದ್ದ ನಕ್ಷೆಗೆ ಬಹುಮಟ್ಟಿಗೆ ತಾಳೆಯಾಗಿತ್ತು. ಮೃತರಲ್ಲಿ ಬಹುಪಾಲು ವೃದ್ಧರು, ಅದೂ ತಮ್ಮ ಮನೆಗಳಲ್ಲೇ ಇದ್ದವರು.

ಗುಡ್ಡದ ಬುಡದ ಮನೆಗೆ ಈ ಲೆಕ್ಕ ಸಾಲದು. ಮಾಬಿಯ ನೆರೆಯ ಮರುತಿಂಗಳೇ ನಮ್ಮ ಮಕ್ಕಂದೂರು, ಜೋಡುಪಾಲ, ಮದೆನಾಡುಗಳಲ್ಲಿ ಬರೆ ಜರಿದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಕ್ಷೆಯಲ್ಲಿ ಮನೆ ಭೂಕುಸಿತದ ವಲಯದೊಳಗಿದ್ದರೆ ಹೊರಡುವುದೇ ಸರಿ. ಹೋಗುವುದು ಶಾಲೆಯ ಆಶ್ರಯ ಕೇಂದ್ರಕ್ಕೇ ಆಗಬೇಕೆಂದಿಲ್ಲ, ಸುರಕ್ಷಿತ ಜಾಗದಲ್ಲಿರುವ ಸ್ನೇಹಿತರ ಮನೆಯೂ ಆಗಬಹುದು. ಆಶ್ರಯ ಕೇಂದ್ರಗಳಲ್ಲಿ ವಿದೇಶಿಯರಿಗೂ ಪ್ರವೇಶವಿದೆ.

ಮನೆಯಲ್ಲಿ ಉಳಿಯುವವರು ಒಬ್ಬರಿಗೆ ದಿನಕ್ಕೆ 3 ಲೀಟರಿನಂತೆ ಕನಿಷ್ಠ ಮೂರು ದಿನದ, ಸಾಧ್ಯವಾದರೆ ವಾರದ ನೀರನ್ನು ಇಟ್ಟುಕೊಳ್ಳಬೇಕು. ಕಕ್ಕಡ ತಿಂಗಳ ಮಳೆಗೆ ಮುಂಚೆ ಸೌದೆ, ಒಣಮೀನು, ಹಲಸಿನ ಬೀಜ ಕೂಡಿಡುತ್ತಿದ್ದ ಮನೆಗಳಲ್ಲಿ ಬೆಳೆದವರಿಗೆ ದಾಸ್ತಾನು ಹೊಸದಲ್ಲ. ಹೊಸದು ಶೌಚಾಲಯದ ಸಮಸ್ಯೆ. 2019ರ ಅಕ್ಟೋಬರಿನ ಹಗಿಬಿಸ್ ಚಂಡಮಾರುತದಲ್ಲಿ ಟೋಕಿಯೊ ಪಕ್ಕದ ಮುಸಾಶಿ ಕೊಸುಗಿಯ ಗಗನಚುಂಬಿ ವಸತಿ ಕಟ್ಟಡವೊಂದರ ನೆಲಮಾಳಿಗೆಗೆ ನೀರು ನುಗ್ಗಿ ವಿದ್ಯುತ್ ಉಪಕರಣಗಳು ಕೆಟ್ಟಾಗ, ಮೇಲಿನ ಮಹಡಿಗಳವರ ಮನೆ ಒಣಗಿಯೇ ಇದ್ದರೂ ಲಿಫ್ಟ್, ನೀರು, ಶೌಚಾಲಯ ಮೂರೂ ಇಲ್ಲದಾದವು. ನೀರಿಲ್ಲದೆ ಬಳಸುವ ಶೌಚದ ಚೀಲಗಳು ಅಂಗಡಿಗಳಲ್ಲಿ ಸಿಗುತ್ತವೆ, ತಂದಿಡಿ.

ಕುಟುಂಬದವರಿಗೆ ಸುದ್ದಿ ಮುಟ್ಟಿಸಲು 171 ಎಂಬ ದೂರವಾಣಿ ಸೇವೆಯಿದೆ: 1 ಒತ್ತಿ ಸಂದೇಶ ಹೇಳಬಹುದು, 2 ಒತ್ತಿ ಕೇಳಬಹುದು. ಇದರ ಅಂತರ್ಜಾಲ ರೂಪವಾದ ವೆಬ್171 ಊರಿನಲ್ಲಿರುವವರಿಗೂ ತೆರೆಯುತ್ತದೆ. ಪ್ರತಿ ತಿಂಗಳ 1 ಮತ್ತು 15ರಂದು ಅಭ್ಯಾಸಕ್ಕೆ ಅವಕಾಶವಿರುವುದರಿಂದ, ಅಂಥ ಒಂದು ದಿನ ನಿಮ್ಮ ಜಪಾನಿನ ಸಂಖ್ಯೆಯನ್ನು ಮನೆಯವರಿಗೆ ಕೊಟ್ಟು ಅವರಿಂದಲೇ ಒಮ್ಮೆ ಸಂದೇಶ ತೆರೆಸಿ ನೋಡಿ.