ಕಾಲು ಅಳತೆಯ ಟೈಗರ್ ಮಾತ್: ಜೋಡಣೆಯಿಂದ ಮೊದಲ ಹಾರಾಟದವರೆಗೆ

ಡಿ ಹ್ಯಾವಿಲೆಂಡ್ ಕಂಪನಿಯ ಟೈಗರ್ ಮಾತ್ 1931ರಲ್ಲಿ ಮೊದಲ ಬಾರಿ ಹಾರಿದ, ಎರಡು ಆಸನಗಳ ತರಬೇತಿ ವಿಮಾನ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ವಿಮಾನವು 1951ರಲ್ಲಿ ಹಾರಿ ಮುಂದೆ ಅದರ ಜಾಗವನ್ನು ತುಂಬುವವರೆಗೆ, ಭಾರತೀಯ ವಾಯುಪಡೆಯ ಅನೇಕ ಪೈಲಟ್‌ಗಳು ಹಾರಾಟದ ಮೊದಲ ಪಾಠವನ್ನು ಕಲಿತದ್ದು ಇದರಲ್ಲಿಯೇ. ಅಸಲಿ ವಿಮಾನದ ರೆಕ್ಕೆಗಳು ತುದಿಯಿಂದ ತುದಿಗೆ 29 ಅಡಿ 4 ಇಂಚು ಇರುವುದರಿಂದ ಅದರ ನಾಲ್ಕನೇ ಒಂದರಷ್ಟಿರುವ, ರೇಡಿಯೊದಿಂದ ಹಾರಿಸುವ ಕಾಲು ಅಳತೆಯ ಮಾದರಿ 88 ಇಂಚು, ಅಂದರೆ ಸುಮಾರು 2.23 ಮೀಟರ್ ಅಗಲವಾಗುತ್ತದೆ. ತೂಕ ಸಾಮಾನ್ಯವಾಗಿ 8ರಿಂದ 9 ಕಿಲೋ ಇರುತ್ತದೆ.

ತರಬೇತಿ ಮಾದರಿಯನ್ನೂ ಬಾಲಚಕ್ರವಿರುವ ಇನ್ನೊಂದು ಮಾದರಿಯನ್ನೂ ಸರಾಗವಾಗಿ ಹಾರಿಸಿ ಇಳಿಸಬಲ್ಲವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹವನ್ನು ಬರೆಯಲಾಗಿದೆ. ಅಂಥವರಿಗೂ ಒಂದರ ಮೇಲೊಂದು ರೆಕ್ಕೆಯಿರುವ ಬೈಪ್ಲೇನ್ ಎರಡು ಕಾರಣಗಳಿಂದ ಹೊಸದೆನಿಸುತ್ತದೆ. ಎರಡು ರೆಕ್ಕೆ, ನಡುವಿನ ಕಂಬಗಳು ಮತ್ತು ತಂತಿಗಳೆಲ್ಲ ಸೇರಿ ಗಾಳಿಗೆ ಒಡ್ಡುವ ತಡೆ ಬಹಳ ಹೆಚ್ಚು; ಎಂಜಿನ್ನಿನ ಬಲವನ್ನು ಏರಿಸಿ ಇಳಿಸುವ ಥ್ರಾಟಲ್ ಮುಚ್ಚಿದ ಕೂಡಲೇ ವೇಗ ಕರಗುತ್ತದೆ. ವಿಮಾನವನ್ನು ಬದಿಗೆ ವಾಲಿಸುವ ರೆಕ್ಕೆಯಂಚಿನ ಪಟ್ಟಿಯಾದ ಏಲೆರಾನ್ ಕೊಟ್ಟಾಗ ಮೂತಿ ತಿರುವಿನ ಕಡೆಗೆ ಹೋಗದೆ ಎದುರು ದಿಕ್ಕಿಗೆ ಎಳೆಯುವ ಸ್ವಭಾವವೂ ಇದರಲ್ಲಿ ಎದ್ದು ಕಾಣುತ್ತದೆ. ಮೊದಲನೆಯದಕ್ಕೆ ಥ್ರಾಟಲ್‌ನಲ್ಲಿ, ಎರಡನೆಯದಕ್ಕೆ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ರಡ್ಡರ್‌ನಲ್ಲಿ ಉತ್ತರವಿದೆ. ಆದರೆ ಆ ಉತ್ತರಗಳು ಕೆಲಸ ಮಾಡಬೇಕಾದರೆ ರೆಕ್ಕೆಗಳು ಮೇಜಿನ ಮೇಲೆಯೇ ನೇರವಾಗಿ ಕೂತಿರಬೇಕು.

ಮೇಜಿನ ಮೇಲೆ

ಅರ್ಧ ಸಿದ್ಧವಾಗಿ ಬರುವ ಕಿಟ್ ಆದರೂ ತಯಾರಕರ ಅಂಟನ್ನು ಕುರುಡಾಗಿ ನಂಬಬಾರದು. ಪ್ರತಿಯೊಂದು ಹಿಂಜನ್ನೂ (ಕೀಲನ್ನೂ) ಬೆರಳಿನಿಂದ ಬಲವಾಗಿ ಎಳೆದು ನೋಡಬೇಕು. ಎಂಜಿನ್ ಕೂರುವ ಮುಂಭಾಗದ ಪ್ಲೈವುಡ್ ಗೋಡೆಯ ಒಳಮೂಲೆಗಳಿಗೆ ಎಪಾಕ್ಸಿ ಅಂಟು ಹಚ್ಚಬೇಕು. ಬಿಸಿಲಿಗೆ ಸಡಿಲಗೊಂಡ ಹೊದಿಕೆಯನ್ನು ಇಸ್ತ್ರಿಯಿಂದ ಬಿಗಿಗೊಳಿಸಬೇಕು. ಲೋಹಕ್ಕೆ ಲೋಹ ಸೇರುವ ಎಲ್ಲ ಕಡೆ ಥ್ರೆಡ್‌ಲಾಕ್ ಅಂಟು ಅಥವಾ ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ ಇರಲಿ, ಏಕೆಂದರೆ ಪೆಟ್ರೋಲ್ ಎಂಜಿನ್ನಿನ ನಡುಕ ಸಾಧಾರಣ ನಟ್ಟುಗಳನ್ನು ಬೇಗ ಬಿಚ್ಚಿಬಿಡುತ್ತದೆ.

ಈ ಗಾತ್ರಕ್ಕೆ 30ರಿಂದ 38 ಸಿಸಿಯ ಎರಡು ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಸಾಕಷ್ಟಾಯಿತು. 30 ಸಿಸಿಯದಕ್ಕೆ 18×8 ಇಂಚಿನ (ವ್ಯಾಸ 18, ಒಂದು ಸುತ್ತಿಗೆ ಸಾಗುವ ದೂರ 8) ಪ್ರೊಪೆಲ್ಲರ್ ಒಳ್ಳೆಯ ಆರಂಭ. ಎಂಜಿನ್ನನ್ನು ಮೂತಿಯ ಹೊದಿಕೆಯಾದ ಕೌಲ್‌ನೊಳಗೆ ಪೂರ್ತಿ ಮುಚ್ಚುವವರು ಗಾಳಿ ಒಳಬರುವ ಕಿಂಡಿಗಿಂತ ಹೊರಹೋಗುವ ಕಿಂಡಿ ಎರಡರಿಂದ ಮೂರು ಪಟ್ಟು ದೊಡ್ಡದಿರುವಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ನಮ್ಮ ಬೇಸಿಗೆಯಲ್ಲಿ ಎಂಜಿನ್ ಕಾದು ಆಕಾಶದಲ್ಲಿಯೇ ನಿಂತುಹೋಗುತ್ತದೆ. ಚಕ್ರಗಳ ವಿಷಯದಲ್ಲಿ ಒಂದೇ ಮಾತು: ಎರಡೂ ಚಕ್ರಗಳು ತುಸುವೇ ಒಳಮುಖವಾಗಿರಲಿ, ಹೊರಮುಖವಾಗಿದ್ದರೆ ಓಟ ನೇರವಾಗುವುದಿಲ್ಲ.

ಇನ್ನು ರೆಕ್ಕೆಗಳು. ಮೊದಲು ಒಡಲನ್ನು ತೊಟ್ಟಿಲಿನಂಥ ಸ್ಟ್ಯಾಂಡಿನಲ್ಲಿ ಕೂರಿಸಿ, ಮೂತಿಯನ್ನು ಮೇಲೆ ಕೆಳಗೆ ಮಾಡುವ ಎಲಿವೇಟರ್ ಜೋಡಿಸಿದ ಸಮತಲ ಬಾಲವು ಸೊನ್ನೆ ಡಿಗ್ರಿ ತೋರುವವರೆಗೆ ಹಿಂಭಾಗಕ್ಕೆ ಚೂರುಗಳನ್ನಿಟ್ಟು ಎತ್ತರಿಸಬೇಕು. ಮುಂದಿನ ಎಲ್ಲ ಅಳತೆಗೂ ಇದೇ ಆಧಾರ. ಬಳಿಕ ಕೆಳರೆಕ್ಕೆಗಳನ್ನು ಅಲ್ಯೂಮಿನಿಯಂ ಕೊಳವೆಯ ಮೇಲೆ ಸರಿಸಿ ಬೋಲ್ಟ್ ಹಾಕಿ, ಬಾಲದ ತುದಿಯಿಂದ ಎಡ ಮತ್ತು ಬಲ ರೆಕ್ಕೆತುದಿಗಳಿಗೆ ಹಿಗ್ಗದ ದಾರ ಹಿಡಿದು ಎರಡೂ ಉದ್ದ ಸಮವಿದೆಯೇ ನೋಡಬೇಕು. ಆಮೇಲೆ ಒಡಲಿನ ಮೇಲಿನ ಕ್ಯಾಬೇನ್ ಕಂಬಗಳಿಗೆ ನಡುಭಾಗವನ್ನು ಕೂರಿಸಿ, ಮೇಲುರೆಕ್ಕೆಗಳನ್ನು ಸೇರಿಸಿ, ಎರಡು ರೆಕ್ಕೆಗಳ ನಡುವಿನ ಇಂಟರ್‌ಪ್ಲೇನ್ ಕಂಬಗಳನ್ನು ಸಡಿಲವಾಗಿ ಕಟ್ಟಬೇಕು. ಈ ಹಂತದಲ್ಲಿ ಯಾವ ಬೋಲ್ಟನ್ನೂ ಪೂರ್ತಿ ಬಿಗಿ ಮಾಡಬಾರದು.

ಈಗ ಡಿಜಿಟಲ್ ಕೋನಮಾಪಕವನ್ನು ನಾಲ್ಕೂ ರೆಕ್ಕೆಗಳಿಗೆ, ಬುಡದಲ್ಲೊಮ್ಮೆ ತುದಿಯಲ್ಲೊಮ್ಮೆ ಹಿಡಿದು ಓದಿ ಚೀಟಿಯಲ್ಲಿ ಬರೆದುಕೊಳ್ಳಬೇಕು. ಮೇಲಿನ ಮತ್ತು ಕೆಳಗಿನ ರೆಕ್ಕೆಗಳ ಕೋನ ಎಷ್ಟಿರಬೇಕೆಂಬುದನ್ನು ನಕ್ಷೆ ಹೇಳುತ್ತದೆ. ಆ ಅಂಕಿಯನ್ನು ನಮ್ಮ ಅಂದಾಜಿನಿಂದ ತಿದ್ದಬಾರದು. ಎಡ ಮತ್ತು ಬಲದ ನಡುವೆ ಮಾತ್ರ ಕಾಲು ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸವನ್ನು ಉಳಿಸಬಾರದು. ಬಲ ಮೇಲುರೆಕ್ಕೆ 2.0, ಎಡದ್ದು 2.8 ಎಂದು ತೋರಿದರೆ ಕಂಬದ ಕೊನೆಯ ಫಿಟ್ಟಿಂಗ್‌ನಲ್ಲಿ ತೆಳುವಾದ ವಾಷರ್ ಸೇರಿಸಿಯೋ ತೆಗೆದೋ ಸರಿಪಡಿಸಬೇಕು. ಅದನ್ನು ಹಾಗೆಯೇ ಬಿಟ್ಟು ಏಲೆರಾನನ್ನು ಸದಾ ತುಸು ಒಂದು ಕಡೆಗೆ ಇಡುವ ಟ್ರಿಮ್‌ನಿಂದ ಸರಿದೂಗಿಸಿದರೆ ಮಾದರಿ ಪೂರ್ಣ ವೇಗದಲ್ಲಿ ನೇರವಾಗಿಯೇ ಹೋಗುತ್ತದೆ, ಆದರೆ ಇಳಿಯಲು ನಿಧಾನಿಸಿದಾಗ ಒಂದು ರೆಕ್ಕೆ ಮೊದಲೇ ಸ್ಟಾಲ್ ಆಗಿ, ಅಂದರೆ ಎತ್ತುಬಲ ಕಳೆದುಕೊಂಡು, ಆ ಬದಿಗೆ ಉರುಳುತ್ತದೆ.

ಕೊನೆಗೆ ತಂತಿಗಳು. ಕೆಳರೆಕ್ಕೆಯ ಬುಡದಿಂದ ಮೇಲುರೆಕ್ಕೆಯ ಹೊರಭಾಗಕ್ಕೆ ಹೋಗುವವು ಹಾರಾಟದಲ್ಲಿ ಭಾರ ಹೊರುವ ಫ್ಲೈಯಿಂಗ್ ವೈರ್‌ಗಳು. ಮೇಲಿನ ನಡುಭಾಗದಿಂದ ಕೆಳರೆಕ್ಕೆಯ ಹೊರಭಾಗಕ್ಕೆ ಬರುವವು ನೆಲದಲ್ಲಿ ರೆಕ್ಕೆಯನ್ನು ಹಿಡಿದಿಡುವ ಲ್ಯಾಂಡಿಂಗ್ ವೈರ್‌ಗಳು. ಮೊದಲು ಲ್ಯಾಂಡಿಂಗ್ ವೈರ್‌ಗಳನ್ನು ಬಿಗಿದು ರೆಕ್ಕೆತುದಿಗಳ ಎತ್ತರವನ್ನು ಎರಡೂ ಬದಿ ಸಮ ಮಾಡಿ, ಆನಂತರವೇ ಫ್ಲೈಯಿಂಗ್ ವೈರ್‌ಗಳಿಗೆ ಬರಬೇಕು. ತಂತಿಯ ಬಿಗಿ ಹೊಂದಿಸುವ ತಿರುಪಾದ ಟರ್ನ್‌ಬಕಲ್ಲನ್ನು ಒಮ್ಮೆಗೆ ಅರ್ಧ ಸುತ್ತು, ಅದೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತಾ, ಪ್ರತಿ ತಂತಿಯನ್ನೂ ಉಗುರಿನಿಂದ ಮೀಟಿ ಕೇಳಬೇಕು: ಎಡ ಬಲದ ಜೋಡಿ ತಂತಿಗಳು ಹೆಚ್ಚು ಕಡಿಮೆ ಒಂದೇ ಸ್ವರದಲ್ಲಿ ನುಡಿದರೆ ಬಿಗಿ ಸಮವಾಗಿದೆ. ಕಿರುಗುಟ್ಟುವಷ್ಟು ಬಿಗಿದರೆ ಹಗುರವಾದ ಬಾಲ್ಸಾ ಮರದ ರೆಕ್ಕೆಯೇ ತಿರುಚಿಕೊಳ್ಳುತ್ತದೆ, ಆದ್ದರಿಂದ ತಂತಿ ಮುಗಿದ ಮೇಲೆ ಕೋನಮಾಪಕವನ್ನು ಇನ್ನೊಮ್ಮೆ ಎಲ್ಲ ಕಡೆ ಹಿಡಿದು ಹಳೆಯ ಚೀಟಿಯೊಂದಿಗೆ ಹೋಲಿಸಿ ನೋಡಬೇಕು. ಕೆಲವು ಕಿಟ್‌ಗಳಲ್ಲಿ ತಂತಿ ಅಂದಕ್ಕಷ್ಟೇ ಇರುವ ಎಲಾಸ್ಟಿಕ್ ದಾರವಾಗಿರುತ್ತದೆ. ಅದೂ ತಪ್ಪಲ್ಲ, ಆದರೆ ನಿಮ್ಮ ಕಿಟ್‌ನಲ್ಲಿ ತಂತಿ ಭಾರ ಹೊರುತ್ತದೆಯೇ ಇಲ್ಲವೇ ಎಂಬುದು ತಿಳಿಯದೆ ಮೈದಾನಕ್ಕೆ ಹೋಗಬಾರದು.

ಗುರುತ್ವಕೇಂದ್ರ ಮತ್ತು ರೇಡಿಯೊ

ಟೈಗರ್ ಮಾತ್‌ನ ರೆಕ್ಕೆಗಳು ಹಿಂದಕ್ಕೆ ಬಾಗಿರುವುದಕ್ಕೆ ಕಾರಣವಿದೆ. ಪ್ಯಾರಾಚೂಟ್ ಕಟ್ಟಿಕೊಂಡ ಮುಂದಿನ ಸವಾರ ಅಪಾಯದಲ್ಲಿ ಹೊರಬರಲು ಮೇಲುರೆಕ್ಕೆಯ ನಡುಭಾಗ ಅಡ್ಡಿಯಾಗುತ್ತಿದ್ದುದರಿಂದ ಅದನ್ನು ಮುಂದಕ್ಕೆ ಸರಿಸಲಾಯಿತು. ಹಾಗೆ ಮುಂದೆ ಹೋದ ಎತ್ತುಬಲವನ್ನು ಹಿಂದಕ್ಕೆ ತರಲು ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಲಾಯಿತು. ಇದರಿಂದ ಮಾದರಿ ಕಟ್ಟುವವರಿಗೆ ಬರುವ ತೊಡಕೆಂದರೆ, ಮಾದರಿ ಸಮತೂಗುವ ಗುರುತ್ವಕೇಂದ್ರ ರೆಕ್ಕೆಯ ಬುಡದ ಅಗಲದ ಕಾಲುಭಾಗದಲ್ಲಿರುತ್ತದೆ ಎಂಬ ರೂಢಿಯ ಅಂದಾಜು ಇಲ್ಲಿ ನಡೆಯುವುದಿಲ್ಲ. ನಕ್ಷೆ ತೋರಿಸಿದ ಬಿಂದುವನ್ನೇ ಮೇಲುರೆಕ್ಕೆಯ ಅಡಿಯಲ್ಲಿ ಎರಡೂ ಬದಿ ಗುರುತು ಮಾಡಿ, ಪೆಟ್ರೋಲ್ ಟ್ಯಾಂಕ್ ಖಾಲಿಯಿರುವಾಗ ಇಬ್ಬರು ಆ ಗುರುತುಗಳಿಗೆ ಬೆರಳು ಕೊಟ್ಟು ಎತ್ತಬೇಕು. ಮೂತಿ ತುಸು ಕೆಳಗಾಗಿ ನಿಂತರೆ ಮೊದಲ ಹಾರಾಟಕ್ಕೆ ಅದೇ ಸರಿ.

ಮೂತಿ ಗಿಡ್ಡ, ಬಾಲ ಉದ್ದ. ಹಾಗಾಗಿ ಬಾಲದಲ್ಲಿ ಸೇರುವ ಪ್ರತಿ ಗ್ರಾಮ್‌ಗೆ ಮುಂದೆ ಸುಮಾರು ಮೂರು ಗ್ರಾಮ್ ಸೇರಿಸಬೇಕಾಗುತ್ತದೆ. ಬಾಲದ ಸರ್ವೊಗಳನ್ನು (ರಡ್ಡರ್, ಎಲಿವೇಟರ್‌ಗಳನ್ನು ಚಲಿಸುವ ಪುಟ್ಟ ಮೋಟಾರುಗಳನ್ನು) ಕಾಕ್‌ಪಿಟ್ ಬಳಿಯೇ ಇಟ್ಟು ಎಳೆತಂತಿಗಳಿಂದ ಚಾಲನೆ ಕೊಡುವುದು, ಬ್ಯಾಟರಿಗಳನ್ನು ಎಂಜಿನ್ ಗೋಡೆಗೆ ಹತ್ತಿರ ಕಟ್ಟುವುದು, ಇಷ್ಟರಿಂದಲೇ ಸೀಸದ ಬಳಕೆ ಎಷ್ಟೋ ಕಡಿಮೆಯಾಗುತ್ತದೆ. ಉಳಿದದ್ದಕ್ಕೆ ಸೀಸ ಹಾಕಲು ಹಿಂಜರಿಯಬಾರದು. ಮೂತಿಭಾರದ ಮಾದರಿ ಹಾರಲು ಮಂಕು. ಬಾಲಭಾರದ್ದು ಹಿಡಿತಕ್ಕೇ ಸಿಗುವುದಿಲ್ಲ.

ಸರ್ವೊಗಳು ಲೋಹದ ಗಿಯರಿನವು, ಕನಿಷ್ಠ 10 ಕೆ.ಜಿ.-ಸೆಂ.ಮೀ. ಬಲದವು ಇರಲಿ. ರಿಸೀವರಿಗೆ ಎರಡು ಬ್ಯಾಟರಿ, ಎರಡು ಸ್ವಿಚ್ ಕೊಡಬೇಕು. ಎಂಜಿನ್ನಿನ ಇಗ್ನಿಷನ್‌ಗೆ ಪ್ರತ್ಯೇಕ ಬ್ಯಾಟರಿಯೂ ಕೈಯಲ್ಲಿರುವ ಟ್ರಾನ್ಸ್‌ಮಿಟರಿನಿಂದಲೇ ಕಡಿಯಬಹುದಾದ ಸ್ವಿಚ್ಚೂ ಬೇಕು. ಸಿಗ್ನಲ್ ತಪ್ಪಿದರೆ ಥ್ರಾಟಲ್ ತಾನಾಗಿ ತಗ್ಗುವಂತೆ ಫೇಲ್‌ಸೇಫ್ ಹೊಂದಿಸಿ, ಮಾದರಿಯನ್ನು ಬಿಗಿಯಾಗಿ ಹಿಡಿದಿರುವಾಗ ಟ್ರಾನ್ಸ್‌ಮಿಟರ್ ಬಂದ್ ಮಾಡಿ ಅದನ್ನು ಪರೀಕ್ಷಿಸಬೇಕು.

ಅಸಲಿ ಟೈಗರ್ ಮಾತ್‌ನಲ್ಲಿ ಏಲೆರಾನ್‌ಗಳಿರುವುದು ಕೆಳರೆಕ್ಕೆಯಲ್ಲಿ ಮಾತ್ರ, ಮತ್ತು ಅವು ಮೇಲಕ್ಕೆ ಬಹಳ, ಕೆಳಕ್ಕೆ ಸ್ವಲ್ಪವೇ ಚಲಿಸುವಂತೆ ಜೋಡಣೆಯಿದೆ. ಕೆಳಕ್ಕಿಳಿಯುವ ಏಲೆರಾನ್ ಉಂಟುಮಾಡುವ ಎಳೆತವೇ ಮೂತಿಯನ್ನು ತಪ್ಪು ದಿಕ್ಕಿಗೆ ತಿರುಗಿಸುವುದರಿಂದ ಮಾದರಿಯಲ್ಲಿಯೂ ಇದನ್ನು ಪಾಲಿಸಬೇಕು: ಒಂದೊಂದು ಏಲೆರಾನಿಗೂ ಬೇರೆ ಚಾನೆಲ್ ಕೊಟ್ಟು, ಮೇಲಕ್ಕೆ 25 ಮಿ.ಮೀ. ಹೋದರೆ ಕೆಳಕ್ಕೆ 10 ಮಿ.ಮೀ. ಮಾತ್ರ ಬರುವಂತೆ ಮಾಡಿ ಆರಂಭಿಸಬಹುದು. ರಡ್ಡರಿಗೆ ಕೊಡಬಹುದಾದಷ್ಟು ಚಲನೆಯನ್ನು ಕೊಡಬೇಕು. ಏಲೆರಾನ್ ಒತ್ತಿದಾಗ ರಡ್ಡರ್ ತಾನೇ ಸೇರಿಕೊಳ್ಳುವ ಮಿಕ್ಸಿಂಗ್ ಸೌಲಭ್ಯ ಈಗಿನ ಹೆಚ್ಚಿನ ಟ್ರಾನ್ಸ್‌ಮಿಟರ್‌ಗಳಲ್ಲಿ ಇದೆ, ಆದರೆ ನನ್ನ ಮಟ್ಟಿಗೆ ಅದನ್ನು ಬಳಸದಿರುವುದೇ ಲೇಸು. ಅಡ್ಡಗಾಳಿಯಲ್ಲಿ ಇಳಿಯುವಾಗ ಎರಡೂ ಕೈಗಳು ಬೇರೆ ಬೇರೆ ಕೆಲಸ ಮಾಡಬೇಕಾಗುತ್ತದೆ.

ಜಾಗ, ನಿಯಮ, ಗಾಳಿ

2021ರ ಡ್ರೋನ್ ನಿಯಮಗಳ ಪ್ರಕಾರ 25 ಕಿಲೋ ಮೀರದ, ಕಣ್ಣಳತೆಯೊಳಗೆ ಮನರಂಜನೆ ಅಥವಾ ಕಲಿಕೆಗಾಗಿ ಹಾರಿಸುವ ಮಾದರಿಗಳಿಗೆ ಪ್ರತ್ಯೇಕ ವರ್ಗವಿದೆ. ಆದರೆ ಆಕಾಶದ ಹಸಿರು, ಹಳದಿ, ಕೆಂಪು ವಲಯಗಳ ಕಟ್ಟಳೆಯಿಂದ ಅವುಗಳಿಗೂ ವಿನಾಯಿತಿಯಿಲ್ಲ. ಬೆಂಗಳೂರಿನ ಸುತ್ತ ದೇವನಹಳ್ಳಿ, ಎಚ್‌ಎಎಲ್, ಯಲಹಂಕ, ಜಕ್ಕೂರು ಎಂದು ನಾಲ್ಕು ವಾಯುನೆಲೆಗಳಿರುವುದರಿಂದ ಜಾಗ ಹುಡುಕುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯನ್ನೂ ನೋಂದಣಿಯ ಚಾಲ್ತಿ ನಿಯಮಗಳನ್ನೂ ನೋಡಲೇಬೇಕು. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳ ಒಳ್ಳೆಯ ಓಡುದಾರಿಯಾಗುತ್ತದೆ, ದನ ಮೇಯಿಸುವವರಿಗೆ ಮೊದಲೇ ತಿಳಿಸಿ ಒಪ್ಪಿಸಿಕೊಂಡಿದ್ದರೆ.

ಇನ್ನೊಂದು ಸಂಗತಿಯನ್ನು ಹೊರದೇಶದ ಕೈಪಿಡಿಗಳು ಹೇಳುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ, ಅಷ್ಟೇ ಬಿಸಿಲಿನ ಮಂಗಳೂರಿಗಿಂತ ಇಲ್ಲಿ ಗಾಳಿಯ ಸಾಂದ್ರತೆ ಹತ್ತರಲ್ಲಿ ಒಂದು ಪಾಲು ಕಡಿಮೆ. ಎಂಜಿನ್ನಿನ ಬಲವೂ ಅಷ್ಟೇ ತಗ್ಗುತ್ತದೆ, ಸ್ಟಾಲ್ ಆಗುವ ವೇಗ ನೂರಕ್ಕೆ ಐದರಷ್ಟು ಏರುತ್ತದೆ. ಓಡುದಾರಿ ಉದ್ದವಿರಲಿ, ಹಾರಾಟ ಬೆಳಗಿನ ತಂಪಿನಲ್ಲಿ, ಗಾಳಿ ಮೆಲ್ಲಗೆ ಬೀಸುವಾಗ ನಡೆಯಲಿ.

ಮೇಲೇರಿ ಇಳಿಯುವುದು

ಎಂಜಿನ್ ಚಾಲೂ ಮಾಡುವಾಗ ಒಬ್ಬರು ಬಾಲವನ್ನು ಹಿಡಿದಿರಬೇಕು, ಇನ್ನೊಬ್ಬರು ದಪ್ಪ ಚರ್ಮದ ಕೈಗವಸು ತೊಟ್ಟು ಪ್ರೊಪೆಲ್ಲರ್ ತಿರುಗಿಸಬೇಕು, ಮತ್ತು ಪ್ರೊಪೆಲ್ಲರ್ ತಿರುಗುವ ಸಮತಲದ ನೇರದಲ್ಲಿ ಯಾರೂ ನಿಲ್ಲಬಾರದು. ಎಂಜಿನ್ ಓಡುತ್ತಿರುವಾಗಲೇ ಟ್ರಾನ್ಸ್‌ಮಿಟರನ್ನು ತಗ್ಗಿದ ಶಕ್ತಿಯ ಸ್ಥಿತಿಯಲ್ಲಿಟ್ಟು ದೂರಕ್ಕೆ ನಡೆದು ರೇಂಜ್ ಪರೀಕ್ಷೆ ಮಾಡಬೇಕು. ಏಲೆರಾನ್‌ಗಳು ಸರಿಯಾದ ದಿಕ್ಕಿಗೆ ಏಳುತ್ತಿವೆಯೇ ಎಂಬುದನ್ನು ಸಹಾಯಕರು ಬಾಯಿಬಿಟ್ಟು ಹೇಳಲಿ.

ಗಾಳಿಗೆ ಮುಖ ಮಾಡಿ ನಿಲ್ಲಿಸಿ, ಎಲಿವೇಟರನ್ನು ತುಸು ಮೇಲೆ ಹಿಡಿದು, ಥ್ರಾಟಲನ್ನು ಮೂರು ನಾಲ್ಕು ಸೆಕೆಂಡಿನಲ್ಲಿ ನಿಧಾನವಾಗಿ ಏರಿಸಬೇಕು. ಓಟ ಹಿಡಿದಂತೆ ಎಲಿವೇಟರನ್ನು ಸಡಿಲಿಸಿದರೆ ಬಾಲ ತಾನಾಗಿ ಏಳುತ್ತದೆ. ಅದೇ ಗಳಿಗೆಯಲ್ಲಿ ಮೂತಿ ಎಡಕ್ಕೆ ಜಿಗಿಯುವುದರಿಂದ ಬಲ ರಡ್ಡರ್ ಸಿದ್ಧವಿರಬೇಕು. (ಅಸಲಿ ಟೈಗರ್ ಮಾತ್ ಹಾರಿಸಿದವರು ಎಡ ರಡ್ಡರ್ ಎಂದು ಬರೆದಿರುತ್ತಾರೆ, ಅದರ ಜಿಪ್ಸಿ ಮೇಜರ್ ಎಂಜಿನ್ ನಮ್ಮ ಮಾದರಿ ಎಂಜಿನ್‌ಗಳಿಗೆ ವಿರುದ್ಧ ದಿಕ್ಕಿಗೆ ತಿರುಗುತ್ತದೆ.) ನೆಲ ಬಿಟ್ಟ ಮೇಲೆ ಮೂತಿಯನ್ನು ಕಡಿದಾಗಿ ಎತ್ತದೆ ಓರೆಯಾಗಿ ಏರಲು ಬಿಟ್ಟು, ಸುರಕ್ಷಿತ ಎತ್ತರ ಸಿಕ್ಕ ಮೇಲೆಯೇ ಮೊದಲ ತಿರುವು ತೆಗೆದುಕೊಳ್ಳಬೇಕು.

ತಿರುವಿನಲ್ಲಿ ಎಡಗೈಯ ರಡ್ಡರ್ ಬಲಗೈಯ ಏಲೆರಾನಿಗಿಂತ ಕಣ್ಣೆವೆಯಷ್ಟು ಮೊದಲು ಹೊರಡಬೇಕು. ಬಾಲವು ತಿರುವಿನ ಒಳಕ್ಕೆ ಜೋತಂತೆ ಕಂಡರೆ ರಡ್ಡರ್ ಸಾಲದು, ಹೊರಕ್ಕೆ ಜಾರಿದಂತೆ ಕಂಡರೆ ರಡ್ಡರ್ ಹೆಚ್ಚಾಯಿತು. ಅರ್ಧ ಥ್ರಾಟಲ್‌ನಲ್ಲಿ ಟ್ರಿಮ್ ಹೊಂದಿಸಿದ ಮೇಲೆ, ಎತ್ತರದಲ್ಲಿಯೇ ಥ್ರಾಟಲ್ ತಗ್ಗಿಸಿ ಎಲಿವೇಟರ್ ಎಳೆಯುತ್ತಾ ಸ್ಟಾಲ್ ಹೇಗಾಗುತ್ತದೆ ಎಂಬುದನ್ನು ನೋಡಿಟ್ಟುಕೊಳ್ಳಬೇಕು. ಮೂತಿ ನೇರ ಕೆಳಗೆ ಬಾಗಿದರೆ ಮೇಜಿನ ಕೆಲಸ ಸರಿಯಾಗಿದೆ. ಪ್ರತಿ ಸಲವೂ ಒಂದೇ ಬದಿಗೆ ಉರುಳಿದರೆ ಇಳಿದ ಮೇಲೆ ಕೋನಮಾಪಕವನ್ನು ಮತ್ತೆ ತೆಗೆಯಬೇಕು.

ಇಳಿಯುವಾಗ ಬೇರೆ ಮಾದರಿಗಳ ಅಭ್ಯಾಸವೇ ಶತ್ರು. ಥ್ರಾಟಲ್ ಪೂರ್ತಿ ಮುಚ್ಚಿ ತೇಲಿಸಿಕೊಂಡು ಬರೋಣವೆಂದರೆ ಇದು ತೇಲುವುದಿಲ್ಲ, ಓಡುದಾರಿಗೆ ಬಹಳ ಮೊದಲೇ ಕುಸಿಯುತ್ತದೆ. ಸುಮಾರು ಕಾಲು ಥ್ರಾಟಲ್ ಉಳಿಸಿಕೊಂಡು, ಮೂತಿ ಸ್ವಲ್ಪ ಕೆಳಗಿರುವಂತೆ ಬರುತ್ತಾ, ಇಳಿಯುವ ದರವನ್ನು ಎಲಿವೇಟರಿನಿಂದಲ್ಲ, ಥ್ರಾಟಲ್‌ನಿಂದ ಹೊಂದಿಸಬೇಕು: ಕೆಳಗಾದಂತೆ ಕಂಡರೆ ಥ್ರಾಟಲ್ ಕಡ್ಡಿಯನ್ನು ಎರಡು ಕ್ಲಿಕ್ ಏರಿಸಬೇಕು, ಮೇಲಾದಂತೆ ಕಂಡರೆ ಇಳಿಸಬೇಕು. ಚಕ್ರಗಳು ಮೊಣಕಾಲಿನ ಎತ್ತರಕ್ಕೆ ಬಂದಾಗ ಎಲಿವೇಟರನ್ನು ಮೆಲ್ಲಗೆ ಎಳೆದು ಮಟ್ಟ ಮಾಡಿ, ಚಕ್ರಗಳು ನೆಲ ಸೋಕುವ ಹೊತ್ತಿಗಷ್ಟೇ ಥ್ರಾಟಲ್ ಮುಚ್ಚಬೇಕು. ವೇಗ ತಗ್ಗುತ್ತಿದ್ದಂತೆ ಎಲಿವೇಟರನ್ನು ಪೂರ್ತಿ ಮೇಲೆ ಹಿಡಿದೇ ಇರಬೇಕು, ಇಲ್ಲದಿದ್ದರೆ ಹುಲ್ಲಿಗೆ ಸಿಕ್ಕ ಚಕ್ರ ಮಾದರಿಯನ್ನು ಮೂತಿಯ ಮೇಲೆ ಕವುಚುತ್ತದೆ. ಎಂಜಿನ್ ಆಕಾಶದಲ್ಲಿ ನಿಂತರೆ ತಕ್ಷಣ ಮೂತಿ ಕೆಳಗೆ ಮಾಡಿ, ಎದುರಿಗೆ ಸಿಕ್ಕ ಬಯಲಿನಲ್ಲಿ ಇಳಿಸಬೇಕು. ಓಡುದಾರಿಗೆ ಮರಳಲು ತಿರುಗಿಸುವಷ್ಟು ವೇಗ ಇದರಲ್ಲಿ ಉಳಿದಿರುವುದಿಲ್ಲ.

ಮೊದಲ ಹಾರಾಟ ಐದು ನಿಮಿಷ ಮೀರದಿರಲಿ. ಇಳಿದ ಕೂಡಲೇ ಇಗ್ನಿಷನ್ ಕಡಿದು, ತಂತಿಗಳನ್ನು ಮತ್ತೆ ಮೀಟಿ ನೋಡಿ, ಮಫ್ಲರ್ ಮತ್ತು ಕ್ಯಾಬೇನ್ ಕಂಬಗಳ ಬೋಲ್ಟ್‌ಗಳಿಗೆ ಸ್ಪ್ಯಾನರ್ ಇಟ್ಟು ಪರೀಕ್ಷಿಸಬೇಕು; ಎಲ್ಲ ಬ್ಯಾಟರಿಗಳ ವೋಲ್ಟೇಜ್ ಅಳೆದು ಬರೆದುಕೊಂಡ ಮೇಲೆಯೇ ಟ್ಯಾಂಕಿಗೆ ಮತ್ತೆ ಪೆಟ್ರೋಲ್ ತುಂಬಬೇಕು.