ಅಜೀತ್‌ನ ಬಾಲದಲ್ಲಿ ನಿಂತ ನೀರು

ಕುಂಬಳೆ ಕಡೆ, ಕಡಲಿಗೆ ಹತ್ತಿರ, ಕಂಬದ ಮೇಲೆ ಮೂತಿ ಮೇಲೆತ್ತಿ ನಿಲ್ಲಿಸಿದ ಹಳೇ ಅಜೀತ್ ಯುದ್ಧವಿಮಾನವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ್ದು, ವಾಯುಪಡೆ 1991ರಲ್ಲಿ ಬಿಟ್ಟದ್ದು.

ತೊಂದರೆ ಇಷ್ಟೇ: ಬಾಲದ ಹತ್ತಿರ ರಿವೆಟ್ ಸುತ್ತ ಬಣ್ಣ ಗುಳ್ಳೆ ಏಳುತ್ತಿತ್ತು. ಒಡೆದರೆ ಸುಣ್ಣದಂಥ ಬಿಳಿ ಪುಡಿ, ಅಂದರೆ ಅಲ್ಯುಮಿನಿಯಂನ ತುಕ್ಕು.

ಎರಡು ಸಲ ಎನಾಮೆಲ್ ಬಳಿದೆವು. ಆಟಿ (ತುಳುವರ ಜೋರು ಮಳೆಯ ತಿಂಗಳು) ಮುಗಿಯುವಷ್ಟರಲ್ಲಿ ಮತ್ತೆ ಗುಳ್ಳೆ. ಸಂದುಗಳಿಗೆಲ್ಲ ಸಿಲಿಕೋನ್ ತುಂಬಿದ್ದು ಇನ್ನೂ ಕೆಟ್ಟದಾಯಿತು. ಟಾರ್ಪಾಲು ಹೊದೆಸಿದರೆ ಒಳಗೆಲ್ಲ ಬೆವರು. ಕಬ್ಬಿಣದ ಬ್ರಶ್ಶಿನಲ್ಲಿ ಉಜ್ಜಿದ್ದಂತೂ ಶುದ್ಧ ತಪ್ಪು, ಉಕ್ಕಿನ ಚೂರು ಅಲ್ಯುಮಿನಿಯಂನಲ್ಲಿ ಕೂತು ತುಕ್ಕು ಹಬ್ಬಿಸುತ್ತದೆ.

ನೀರು ಹೊರಗಿನದಲ್ಲ, ಒಳಗಿನದು. ವಿಮಾನದ ಹೊಟ್ಟೆಯ ತೂತುಗಳು ಅದು ಚಕ್ರದ ಮೇಲೆ ನಿಂತಾಗ ನೀರು ಇಳಿಯಲೆಂದು ಇರುವಂಥವು. ಮೂತಿ ಎತ್ತಿದರೆ ನೀರೆಲ್ಲ ಬಾಲಕ್ಕೆ. ಇದ್ದ ತೂತುಗಳಲ್ಲೂ ಕುಂಬಾರ ಹುಳದ ಮಣ್ಣುಗೂಡು!

ಕೊನೆಗೆ ಮಾಡಿದ್ದು, ಇದೇ ಕ್ರಮದಲ್ಲಿ: ಸಿಲಿಕೋನ್ ಕಿತ್ತು, ಮಣ್ಣನ್ನು ಬಿದಿರು ಕಡ್ಡಿಯಲ್ಲಿ ತೆಗೆದೆವು. ಬಾಲದ ತಳದ ಬಿಚ್ಚುವ ಮುಚ್ಚಳವನ್ನು ಜೋಪಾನವಾಗಿ ಎತ್ತಿಟ್ಟು, ಅದೇ ಅಳತೆಯ ಹೊಸ ಮುಚ್ಚಳಕ್ಕೆ 6 ಮಿ.ಮೀ. ತೂತು ಕೊರೆದು, ಹುಳ ಬಾರದಂತೆ ನೈಲಾನ್ ಬಲೆ ಹಾಕಿದೆವು. ಮೂಲ ಲೋಹಕ್ಕೆ ಡ್ರಿಲ್ ಮುಟ್ಟಿಸಲಿಲ್ಲ. ಉಪ್ಪು ಹೋಗುವಂತೆ ಒಳಗೂ ಹೊರಗೂ ಬಾವಿ ನೀರಲ್ಲಿ ತೊಳೆದು, ಜನವರಿ ಬಿಸಿಲಿಗೆ 4 ದಿನ ಒಣಗಿಸಿದೆವು. ನೈಲಾನ್ ಬ್ರಶ್ಶಿನಲ್ಲಿ, ಒದ್ದೆ ಮಾಡಿಕೊಂಡೇ, ಮಾಸ್ಕ್ ಹಾಕಿ ಉಜ್ಜಿ (ಹಳೇ ಪ್ರೈಮರಿನಲ್ಲಿ ವಿಷಕಾರಿ ಕ್ರೋಮೇಟ್ ಇರಬಹುದು), ಒಣಗಿದ ದಿನವೇ ಎಪಾಕ್ಸಿ ಪ್ರೈಮರ್ 2 ಕೋಟು, ಮೇಲೆ ಪಾಲಿಯುರೆಥೇನ್ ಬಣ್ಣ.

ಎರಡು ಮಳೆಗಾಲ ಕಳೆದಿದೆ, ಗುಳ್ಳೆ ಎದ್ದಿಲ್ಲ. ಬಲೆಯನ್ನು ಮಾತ್ರ ತಿಂಗಳಿಗೊಮ್ಮೆ ನೋಡಬೇಕು.