ಕಿವುಡರಿಗೆ ಸಕ್ಕರೆ ಕಾಯಿಲೆ ಶಿಬಿರ: ತಲೆಯಾಡಿಸಿದರೆ ಅರ್ಥವಾಯಿತು ಎಂದಲ್ಲ

ಡಾಕ್ಟರು ಮೈಕಿನಲ್ಲಿ ಮಾತಾಡುತ್ತಾರೆ, ಮೂಲೆಯಲ್ಲಿ ಯಾರೋ ಕೈಯಾಡಿಸುತ್ತಾರೆ, ಕೂತವರು ತಲೆಯಾಡಿಸುತ್ತಾರೆ, ಗ್ರೂಪ್ ಫೋಟೊ, ಊಟ. ಇಂಥ ಶಿಬಿರಗಳನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

1. ಮೊದಲು ದುಭಾಷಿಯನ್ನು ಗೊತ್ತುಮಾಡಿ, ಡಾಕ್ಟರು ಆಮೇಲೆ. ಭಾರತೀಯ ಸಂಜ್ಞಾ ಭಾಷೆಯಲ್ಲಿ ತರಬೇತಾದವರೇ ಬೇಕು. ಮನೆಯ ಮಗಳನ್ನೇ ಕೂರಿಸಿದರೆ, ಅಪ್ಪ ತನ್ನ ಮೂತ್ರದ ತೊಂದರೆಯನ್ನು ಅವಳ ಕೈಯಲ್ಲಿ ಹೇಳಿಸುವುದಿಲ್ಲ. ‘ತುಟಿ ನೋಡಿ ತಿಳ್ಕೋತಾರೆ ಬಿಡಿ’ ಎನ್ನುವವರು ಕನ್ನಡಿ ಮುಂದೆ ದನಿಯಿಲ್ಲದೆ ‘ಮಾತ್ರೆ’, ‘ಪಾತ್ರೆ’ ಎಂದು ನೋಡಲಿ.

2. ಕುರ್ಚಿ ಅರ್ಧವೃತ್ತಾಕಾರದಲ್ಲಿರಲಿ. ದುಭಾಷಿ ಡಾಕ್ಟರ ಪಕ್ಕದಲ್ಲಿ, ಬೆನ್ನ ಹಿಂದೆ ಕಿಟಕಿ ಬೇಡ, ಮುಖಕ್ಕೆ ಮಾಸ್ಕ್ ಬೇಡ.

3. ಎಲ್ಲ ಕೆಡುವುದು ಇಲ್ಲಿ. ಹಿಂದಿನ ದಿನವೇ ಡಾಕ್ಟರು, ದುಭಾಷಿ ಮತ್ತು ಊರಿನ ಕಿವುಡರಲ್ಲೇ ಒಬ್ಬ ಹಿರಿಯರು ಒಟ್ಟಿಗೆ ಕೂತು ಪ್ರತಿ ವಿಷಯಕ್ಕೂ ಸನ್ನೆ ಗಟ್ಟಿಮಾಡಿಕೊಳ್ಳಬೇಕು. ದೆಹಲಿಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರಲ್ಲಿ ಹೊರತಂದ ನಿಘಂಟಿನಲ್ಲಿ 10,000 ಪದಗಳಿವೆ, ವೈದ್ಯಕೀಯ ಪದಗಳೂ ಸೇರಿ. ನಿಘಂಟಿನಲ್ಲಿದ್ದ ಮಾತ್ರಕ್ಕೆ ಕಿವುಡರ ಶಾಲೆಯ ಮುಖವನ್ನೇ ಕಾಣದ ಅಜ್ಜನಿಗೆ ಗೊತ್ತಿರಬೇಕಲ್ಲ! ಅದನ್ನು ಆ ಹಿರಿಯರೇ ಹೇಳಬೇಕು.

ಸಕ್ಕರೆ ಅಂಶ ತೀರಾ ಇಳಿಯುವ ವಿಷಯವನ್ನೇ ತಗೊಳ್ಳಿ. ವರ್ಷಗಟ್ಟಲೆ ‘ಸಕ್ಕರೆ ಮುಟ್ಟಬೇಡ’ ಎಂದ ಡಾಕ್ಟರೇ ಇವತ್ತು ‘ಸಕ್ಕರೆ ತಿನ್ನು’ ಎಂದರೆ ನೋಡುವವರು ಏನೆಂದುಕೊಳ್ಳಬೇಕು? ಹಾಗಾಗಿ ಎರಡರ ಸನ್ನೆಯನ್ನೂ ಬೇರೆ ಬೇರೆ ಜಾಗದಲ್ಲಿ ಮಾಡಿಸಿ. ಎಡಗಡೆ ದಿನನಿತ್ಯದ ಪಥ್ಯ. ಬಲಗಡೆ ಆಪತ್ತು: ಮೊದಲು ಕೈನಡುಕ, ಬೆವರು, ಕಣ್ಣು ಮಂಜಾಗುವುದನ್ನು ಮೈಮೇಲೆಯೇ ತೋರಿಸಿ. ಆಮೇಲೆ ರಕ್ತದ ಸಕ್ಕರೆ ಅಳೆಯುವ ಮೀಟರಿನಲ್ಲಿ 70ಕ್ಕಿಂತ ಕಡಿಮೆ. ಆಮೇಲೆ ನೀರಿಗೆ ಮೂರು ಟೀ ಚಮಚ ಸಕ್ಕರೆ. ಗಡಿಯಾರದಲ್ಲಿ 15 ನಿಮಿಷ. ಮತ್ತೆ ಮೀಟರು. ಏರಿಲ್ಲವೆಂದರೆ ಇನ್ನೊಮ್ಮೆ. ನಡೆಯುವ ಕ್ರಮ ಯಾವುದೋ ಹೇಳುವ ಕ್ರಮವೂ ಅದೇ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಆಸ್ಪತ್ರೆಗೆ ಒಯ್ಯಬೇಕು ಎಂಬುದನ್ನು ಮಾತ್ರ ಮೂರನೆಯದಾಗಿ, ಮಧ್ಯದಲ್ಲಿ ನಿಂತು ಹೇಳಿಸಿ.

ಕರಪತ್ರ ಹಂಚಿ ಕೈತೊಳೆದುಕೊಳ್ಳಬೇಡಿ. ಹುಟ್ಟಿನಿಂದ ಕಿವುಡರಾದ ಅನೇಕರಿಗೆ ಬರೆದ ಕನ್ನಡ ಕಲಿತ ಎರಡನೇ ಭಾಷೆ.

4. ಸ್ಲೈಡ್ ಬೇಡವೇ ಬೇಡ. ಪರದೆ ನೋಡಿದರೆ ಕೈ ತಪ್ಪುತ್ತದೆ, ಕೈ ನೋಡಿದರೆ ಪರದೆ. ನಿಜವಾದ ಮಾತ್ರೆಯ ಪಟ್ಟಿ, ಮೀಟರು, ಚಮಚ ಮೇಜಿನ ಮೇಲಿರಲಿ. ಅವನ್ನು ತೋರಿಸುವಾಗ ಡಾಕ್ಟರು ಬಾಯಿ ಮುಚ್ಚಿಕೊಂಡಿರಲಿ. ಮೂಲೆಯಲ್ಲಿ ಹೆಬ್ಬೆರಳಷ್ಟು ದುಭಾಷಿ ಇರುವ ವಿಡಿಯೊಗಳೂ ದಂಡ.

5. ‘ಅರ್ಥವಾಯ್ತಾ?’ ಎಂದು ಕೇಳಲೇಬೇಡಿ, ಸೌಜನ್ಯಕ್ಕಾದರೂ ಹೂಂಗುಟ್ಟುತ್ತಾರೆ. ‘ರಾತ್ರಿ ಹನ್ನೆರಡಕ್ಕೆ ಬೆವರಿ ಎದ್ದಿರಿ, ಏನು ಮಾಡ್ತೀರಿ?’ ಎಂದು ಒಬ್ಬರನ್ನು ಎಬ್ಬಿಸಿ, ಉಳಿದವರ ಮುಂದೆ ಮಾಡಿ ತೋರಿಸಲಿ. ಕೈ ಚಮಚಕ್ಕೆ ಹೋಗದೆ ಮಾತ್ರೆಗೆ ಹೋಯಿತೋ, ಮೂರನೇ ಹಂತಕ್ಕೆ ವಾಪಸ್. ಸರಿಯಾಗಿ ಮಾಡಿದವರದ್ದೇ ಒಂದು ನಿಮಿಷದ ವಿಡಿಯೊ ಮಾಡಿ, ಅವರನ್ನು ಕೇಳಿಕೊಂಡು, ಕಿವುಡರ ಸಂಘದ ವಾಟ್ಸ್ಆ್ಯಪ್‌ಗೆ ಹಾಕಿ.